ರೂಟರ್ ತೋರಿಸದ ಆರು ಮದುವೆ

ಫೈಸಲ್,

ಆರೂ ಮದುವೆಯ ಫೋಟೊ ಸಿಕ್ಕವು! ಒಂದೂ ಹೋಗಿಲ್ಲ. ಈಗಷ್ಟೇ ಮತ್ತೆ ಎಣಿಸಿ ನೋಡಿದೆ, ಒಟ್ಟು ನಾಲ್ಕು ಸಾವಿರದ ಇನ್ನೂರ ಹನ್ನೊಂದು.

ನಡೆದದ್ದು ಇಷ್ಟು. ಇಂದು ಬೆಳಗ್ಗೆ ಮನೆಯ ವೈಫೈ ರೂಟರಿನ ಜಾಗ ಬದಲಿಸಲು ಅದಕ್ಕೆ ಸಿಕ್ಕಿಸಿದ್ದ ನಮ್ಮಿಬ್ಬರ ಸ್ಟುಡಿಯೋದ ಹಾರ್ಡ್ ಡಿಸ್ಕನ್ನು ಬಿಚ್ಚಿದೆ. ಅದರಲ್ಲಿನ ಫೋಟೊಗಳನ್ನು ನಾವು ಯಾವಾಗಲೂ ವೈಫೈ ಮೂಲಕವೇ ನೋಡುತ್ತಿದ್ದೆವಲ್ಲ. ಸುಮ್ಮನೆ ನೇರವಾಗಿ ಕಂಪ್ಯೂಟರಿಗೆ ಹಾಕಿದೆ. ಹೋದ ವರ್ಷ ಮಾಯವಾಗಿದ್ದ ಆರು ಫೋಲ್ಡರ್‌ಗಳೂ ಅಲ್ಲಿದ್ದವು. 'ಆಂಜನಮ್ಮನ ಮಗಳ ಮದುವೆ', 'ಜೋಗುಪಾಳ್ಯದ ಧಾರೆ', ಎಲ್ಲಕ್ಕೂ ನೀನು ಹಟ ಹಿಡಿದು ಕನ್ನಡದಲ್ಲೇ ಹೆಸರಿಟ್ಟಿದ್ದೆ. ಡಿಸ್ಕನ್ನು ಮತ್ತೆ ರೂಟರಿಗೆ ಹಾಕಿದೆ, ಆರೂ ಮಾಯ. ಕಂಪ್ಯೂಟರಿನಲ್ಲಿ ಒಂದರ ಹೆಸರನ್ನು ಇಂಗ್ಲಿಷಿಗೆ ಬದಲಿಸಿ ಮತ್ತೆ ರೂಟರಿಗೆ ಹಾಕಿದೆ, ಅದೊಂದು ಬಂತು! ಆ ರೂಟರಿಗೆ ಕನ್ನಡದ ಹೆಸರು ತೋರಿಸಲು ಬರುತ್ತಿರಲಿಲ್ಲ, ಅಷ್ಟೇ.

"ಡೈರೆಕ್ಟಾಗಿ ಕಂಪ್ಯೂಟರ್‌ಗೆ ಹಾಕಿ ನೋಡು ಮಗಾ" ಎಂದು ನೀನು ಅಂದೇ ಹೇಳಿದ್ದೆ. ಸ್ವಂತ ಅಂಗಡಿ ತೆರೆಯಲು ನೀನೇ ಫೋಟೊಗಳನ್ನು ಕದ್ದೆ ಎಂದು ನಾನು ಟೀ ಅಂಗಡಿಯ ಮುನಿರಾಜನ ಎದುರಿಗೇ ನಿನ್ನನ್ನು ಬೈದೆ.

ಇಂದು ಮೊದಲು ಓಡಿದ್ದು ಅವನ ಹತ್ತಿರಕ್ಕೇ. "ಇದನ್ನ ನನಗ್ಯಾಕ್ ಹೇಳ್ತೀಯ ಗುರು? ಬಯ್ಯಿಸ್ಕೊಂಡಿದ್ದು ನಾನಾ? ಶಿವಾಜಿನಗರದ್ ಬಸ್ ಹತ್ತು" ಎಂದ.

ಹತ್ತಿದೆ. ಡಿಸ್ಕ್ ಚೀಲದಲ್ಲಿತ್ತು. ಶಿವಾಜಿನಗರದಲ್ಲಿ ಇಳಿದು ನಿನ್ನ ಅಂಗಡಿಯ ಎದುರು ನಿಂತೆ. ಒಳಗೆ ನೀನು ಒಂದು ಮಗುವನ್ನು ನಗಿಸಲು ಟೋಪಿಯನ್ನು ತಿರುಗಿಸಿ ಹಾಕಿಕೊಂಡು ಕುಣಿಯುತ್ತಿದ್ದೆ. ಅದು ನಕ್ಕಿತು, ನೀನು ಕ್ಲಿಕ್ಕಿಸಿದೆ. ಅಷ್ಟು ಹೊತ್ತು ನೋಡಿ, ಒಳಗೆ ಬರದೆ, ಮರ್ಫಿ ಟೌನಿನ ಮನೆಗೆ ನಡೆದುಕೊಂಡೇ ಬಂದೆ.