ಏಳನೇ ಕ್ಯಾಬಿನ್ನಿನ ಸದ್ದು

ಬೋಪಾಲ್, ಅಹಮದಾಬಾದ್
೧೨ ಅಕ್ಟೋಬರ್ ೨೦೨೫, ಭಾನುವಾರ

ಪ್ರೀತಿಯ ಯಶವಂತ್ ಅವರಿಗೆ,

ಹೇಗಿದ್ದೀರಿ? ಏಣಿ ಹತ್ತುವಾಗ ಮಂಡಿ ನೋಯುತ್ತಿದೆಯೇ? ಅಲ್ಲಿ ಬೆಟ್ಟದ ಮೇಲೆ ಬೆಳಗಿನ ಹೊತ್ತು ಬಕೆಟ್ ನೀರಿನ ಮೇಲೆ ಗಾಜಿನಂಥ ಪದರ ಕಟ್ಟುತ್ತದಂತೆ, ನಿಮ್ಮ ಕಾರ್ಖಾನೆಯ ಕಿಶೋರ್ ಹೇಳಿದ. ಕಾಲುಚೀಲ ಎರಡೆರಡು ಹಾಕಿಕೊಳ್ಳಿ. ನಮಗಿಲ್ಲಿ ಇನ್ನೂ ಫ್ಯಾನ್ ಇಲ್ಲದೆ ಕೂರಲಾಗುವುದಿಲ್ಲ. ನವರಾತ್ರಿಯ ಒಂಬತ್ತು ದಿನ ಸೊಸೈಟಿಯ ಗರ್ಬಾದಲ್ಲಿ ಹಾಡಿ ಕುಣಿದು ಅದಿತಿಯ ಗಂಟಲು ಕಟ್ಟಿದೆ. ಆ ದನಿಯಲ್ಲೇ, "ಪಪ್ಪಾ ದಿವಾಲಿಗೆ ಪಕ್ಕಾ ಬರ್ತಾರಾ? ನೀನು ಪೂಛೋ ನಾ" ಎಂದು ದಿನವೂ ನನ್ನ ಬೆನ್ನು ಹತ್ತುತ್ತಾಳೆ. ಕೇಳಿದ್ದೇನೆಂದು ಅವಳಿಗೆ ಹೇಳುತ್ತೇನೆ.

ನರೋಡಾದ ಕಾರ್ಖಾನೆಯಲ್ಲಿ ರೆಸಾರ್ಟಿನ ಕೊನೆಯ ನಾಲ್ಕು ಕ್ಯಾಬಿನ್ನುಗಳ ಛಾವಣಿಯ ತಗಡು ಸಿದ್ಧವಾಗಿದೆ. ಇವತ್ತೇ ಲಾರಿ ಹೊರಡುತ್ತದೆ. ಜೊತೆಯಲ್ಲಿ ಬರುವ ಕಿಶೋರ್ ಕೈಯಲ್ಲಿ ಈ ಕಾಗದ. ಗಾಳಿಗೆ ಕಿತ್ತು ಬಾರದ ಉದ್ದನೆಯ ತಿರುಪುಗಳನ್ನೂ ಗಾಳಿಕಿಂಡಿಗೆ ಹಾಕುವ ಸಣ್ಣ ಜಾಲರಿಯನ್ನೂ ಏರಿಸಿದ್ದಾರೆ. ಮೇ ತಿಂಗಳಲ್ಲಿ ಪೈನ್ ಕಾಡಿಗೆ ಬೆಂಕಿ ಬಿದ್ದು ಕಿಡಿಗಳು ಸೂರಿನೊಳಕ್ಕೆ ಹಾರಿದವೆಂದು ನೀವು ಬರೆದದ್ದನ್ನು ಓದಿದಾಗಲೇ ನನಗೆ ಗೊತ್ತಾಯಿತು, ಹತ್ತು ದಿನಕ್ಕೆಂದು ಏಪ್ರಿಲ್‌ನಲ್ಲಿ ಹೋದವರು ಹನ್ನೊಂದು ಛಾವಣಿಯನ್ನೂ ಬದಲಿಸದೆ ಬರುವುದಿಲ್ಲವೆಂದು.

ನಾನು ಬೇಡ ಎನ್ನಲಿಲ್ಲ. ಹೇಗೆ ಎನ್ನಲಿ? ನೀವು ಮೊದಲು ಬಿಡಿಸಿದ್ದು ಹಿಮ ತಾನಾಗಿ ಜಾರಿಹೋಗುವ ಕಡಿದಾದ ಛಾವಣಿ. ಹಿಂದಿನ ದೊಡ್ಡ ಕಟ್ಟಡದ ಮಹಡಿಯ ಕಿಟಕಿಯಿಂದ ಶಿಖರ ಕಾಣಬೇಕೆಂದು ರೆಸಾರ್ಟಿನ ಮಾಲೀಕರು ಅದನ್ನು ತಗ್ಗಿಸಲು ಹೇಳಿದರು, ನೀವು ಸಹಿ ಹಾಕಿದಿರಿ. ಈ ಫೆಬ್ರವರಿಯಲ್ಲಿ ಬಿದ್ದ ಹಿಮ ಏಳನೇ ಕ್ಯಾಬಿನ್ನಿನ ಮೇಲೆ ಜಾರದೆ ನಿಂತಿತು. ಛಾವಣಿ ಕುಸಿದಾಗ ಕಾವಲುಗಾರ ವಾಸುದೇವ ಒಳಗೆ ಒಲೆಗೆ ಸೌದೆ ಒಟ್ಟುತ್ತಿದ್ದರು. ಅವರ ಹೆಂಡತಿ ಗಿರಿಜಾ ಈಗ ನಿಮಗೇ ರೊಟ್ಟಿ ಬೇಯಿಸಿ ಹಾಕುತ್ತಾಳೆ. ಅವಳ ಕೈಯ ಅನ್ನ ನಿಮ್ಮ ಗಂಟಲಲ್ಲಿ ಹೇಗೆ ಇಳಿಯುತ್ತದೋ ಎಂದು ನೀವು ಬರೆದಿರಿ. ನನ್ನ ಗಂಟಲಲ್ಲಿ ನನ್ನ ಕೈಯ ಅನ್ನವೇ ಇಳಿಯುತ್ತಿಲ್ಲ.

ಮಧ್ಯಾಹ್ನದ ಬಿಸಿಲಿಗೆ ನಮ್ಮ ಮನೆಯ ಮೇಲಿನ ನೀರಿನ ಟ್ಯಾಂಕಿನ ತಗಡು ಒಮ್ಮೊಮ್ಮೆ ಕರ್ ಎನ್ನುತ್ತದೆ. ಆಗ ಕೈಯಲ್ಲಿದ್ದದ್ದನ್ನು ಬಿಟ್ಟು ಅದಿತಿಯನ್ನು ಬಾಗಿಲಾಚೆ ಎಳೆದುಕೊಂಡು ಹೋಗುತ್ತೇನೆ. "ಮಮ್ಮೀ, ಕುಛ್ ನಹೀ ಹೈ" ಎಂದು ಅವಳೇ ನನ್ನನ್ನು ತಿರುಗಿ ಒಳಗೆ ಕರೆತರುತ್ತಾಳೆ. ಹೋದ ವಾರ ಆಫೀಸಿನಲ್ಲಿ, ಯಾರದೋ ವಿಮೆಯ ಕಾಗದ ನೋಡುತ್ತಿದ್ದಾಗಲೂ, ಆ ಸದ್ದು ಕೇಳಿಸಿತು. ಅಲ್ಲಿ ತಗಡೇ ಇಲ್ಲ.

ಕಾರಣ ಹೇಳುತ್ತೇನೆ. ಫೋನಿನಲ್ಲಿ ಎಷ್ಟೋ ಸಲ ಬಾಯಿಗೆ ಬಂದು ಹಿಂದೆ ಹೋಗಿದೆ. ಫೆಬ್ರವರಿಯಲ್ಲಿ ನಿಮಗೆ ನೂರಾಮೂರು ಜ್ವರ ಇತ್ತಲ್ಲ, ಆಗ ನಿಮ್ಮ ಫೋನ್ ಎತ್ತಿದವಳು ನಾನು. ಮಾತಾಡಿದ್ದು ವಾಸುದೇವ. "ಭಾಭೀಜೀ, ಸಾಬ್ ಸೇ ಕೆಹನಾ, ಸಾತ್ ನಂಬರ್ ಕೀ ಛತ್ ಕರಾಹ್ ರಹೀ ಹೈ." ಏಳನೆಯದರ ಛಾವಣಿ ನರಳುತ್ತಿದೆ ಎಂದರು, ಕಾಯಿಲೆ ಮನುಷ್ಯನ ಬಗ್ಗೆ ಹೇಳುವಂತೆ. ಹೇಳುತ್ತೇನೆ ಎಂದೆ. ಹೇಳಲಿಲ್ಲ. ಮರೆತೆನೆಂದು ತಿಳಿಯಬೇಡಿ. ಹೇಳಿದರೆ ಆ ಜ್ವರದಲ್ಲೇ ಹೊರಟುಬಿಡುತ್ತೀರಿ, ನಾಳೆ ಹೇಳೋಣ ಎಂದುಕೊಂಡೆ. ಮರುದಿನವೂ ಹಾಗೇ ಅಂದುಕೊಂಡೆ. ಮೂರನೇ ದಿನ ಅವರು ಹೋದ ಸುದ್ದಿ ಬಂತು. ನೀವು ನೆಲದ ಮೇಲೆ ಕೂತು "ಆ ಮನುಷ್ಯ ಒಂದು ಫೋನ್ ಮಾಡಬಾರದಿತ್ತೇ" ಎಂದಾಗ ನಾನು ಕಾಫಿ ಲೋಟ ಹಿಡಿದು ಎದುರಿಗೇ ನಿಂತಿದ್ದೆ. ಆ ಕರೆಯನ್ನು ಫೋನಿನಿಂದ ಅಳಿಸಿಯೂ ಆಗಿತ್ತು.

ನೀವು ಹೋಗಬೇಕಾಗಿಯೇ ಇರಲಿಲ್ಲ. ಮಲಗಿದಲ್ಲಿಂದಲೇ "ಅದರೊಳಗೆ ಯಾರೂ ಕಾಲಿಡಬೇಡಿ" ಎಂದಿದ್ದರೆ ಸಾಕಿತ್ತು. ಇದು ನನಗೆ ಹೊಳೆಯಲು ಎರಡು ತಿಂಗಳು ಬೇಕಾಯಿತು. ಅಷ್ಟರಲ್ಲಿ ನೀವು ಹೊರಟುಹೋಗಿದ್ದಿರಿ, ಇಡೀ ಭಾರವನ್ನು ಒಬ್ಬರೇ ಹೊತ್ತು.

ಕ್ಷಮಿಸಿ ಎಂದು ಕೇಳುವುದಿಲ್ಲ. ತಿಳಿದಿರಲಿ ಎಂದಷ್ಟೇ. ಅಲ್ಲಿ ಜೊತೆಗಿರುವವರಿಗೆಲ್ಲ ನನ್ನ ನೆನಪು ಹೇಳಿ, ಮೈ ಬೆಚ್ಚಗಿಟ್ಟುಕೊಳ್ಳಿ.

ನಿಮ್ಮ,
ಕಾಮಾಕ್ಷಿ

ಮರೆತ ಮಾತು: ಕಿಶೋರ್ ಕೆಳಗೆ ಹಾರ್ನ್ ಹೊಡೆಯುತ್ತಿದ್ದಾನೆ. ಈ ಕಾಗದಕ್ಕೆ ಸಹಿ ಹಾಕಿದ ಮೇಲೆ ಗಿರಿಜಾಗೆ ಫೋನ್ ಮಾಡಿ ಎಲ್ಲ ಹೇಳಿದೆ, ನಿಮಗಿಂತ ಮೊದಲು ಅವಳಿಗೆ ಗೊತ್ತಾಗಬೇಕಿತ್ತು. ಆಮೇಲೆ, "ಡರೇ ಹುಏ ಥೇ ಕ್ಯಾ, ದೀದಿ?" ಎಂದು ಗಂಡನ ಬಗ್ಗೆ ಕೇಳಿದಳು. ಹೆದರಿರಲಿಲ್ಲ, ನಿಮ್ಮ ಜ್ವರ ಹೇಗಿದೆ ಎಂದು ವಿಚಾರಿಸಿದರು ಎಂದೆ. ಅದು ನಿಜ. ಕೊನೆಗೆ ಅವಳು, "ಸಾಬ್‌ಗೆ ಈಗಲೇ ಹೇಳಬೇಡಿ. ದಿನವಿಡೀ ಛಾವಣಿಯ ಮೇಲೆ ಇರುತ್ತಾರೆ, ಹಿಮ ಬೀಳಲು ದಿನ ಉಳಿದಿಲ್ಲ. ಕೆಲಸ ಮುಗಿಯಲಿ" ಎಂದು ಹಿಂದಿಯಲ್ಲಿ ಬೇಡಿಕೊಂಡಳು. ನಿಮ್ಮ ಒಳ್ಳೆಯದಕ್ಕೇ ಹೇಳಿದಳು. ಫೆಬ್ರವರಿಯಲ್ಲಿ ನಾನೂ ಹಾಗೇ ಯೋಚಿಸಿದ್ದೆ. ಆದ್ದರಿಂದ ಕಾಗದ ಹರಿಯದೆ ಕೊಡುತ್ತಿದ್ದೇನೆ. ಕವರಿನ ಮೇಲೆ ದೊಡ್ಡ ಅಕ್ಷರದಲ್ಲಿ ಬರೆದಿದ್ದೇನೆ: ಏಣಿಯಿಂದ ಇಳಿದ ಮೇಲೆ ಓದಿ.