ಅಟ್ಟದ ಮೇಲಿನ ಚಪ್ಪಲಿ

ಶುಕ್ರವಾರ, 16 ಜನವರಿ 2026
ಮಧ್ಯಾಹ್ನ, ನಮ್ಮನೆಯ ಹಿಂದಿನ ಕೋಣೆ

ಅವ್ವನಿಗೆ, ನಿನ್ನ ಧನ್ಯಾ ಮಾಡುವ ನಮಸ್ಕಾರ.

ಒಂದೇ ಮನೆಯಲ್ಲಿದ್ದುಕೊಂಡು ಅವ್ವನಿಗೆ ಕಾಗದ ಬರೆಯುವ ಮಗಳು ಅರಕಲಗೂಡು ತಾಲ್ಲೂಕಿಗೆಲ್ಲ ನಾನೊಬ್ಬಳೇ ಇರಬೇಕು. ಏನು ಮಾಡಲಿ, ನಾನು ಬಾಯಿ ತೆರೆದರೆ ನೀನು ಅಳುತ್ತೀಯ, ನೀನು ಅತ್ತರೆ ನನ್ನ ಮಾತು ಅಲ್ಲಿಗೆ ಮುಗಿಯಿತು. ನೀನೀಗ ಶುಂಠಿ ಹೊಲದಲ್ಲಿದ್ದೀಯ. ನಾಳೆ ಬೆಳಗ್ಗೆ ನೀನು ಹಾಲು ಕರೆಯಲು ಕೊಟ್ಟಿಗೆಗೆ ಹೋದಾಗ ನಾನು ಹೊರಡುತ್ತೇನೆ. ಡೈರಿಗೆ ಹಾಲು ಹಾಕಿ ಬರುವ ಪಾಪಯ್ಯಣ್ಣನ ಕೈಗೆ ಈ ಕಾಗದ ಕೊಡುತ್ತೇನೆ. ಇದು ನಿನಗೆ ಸಿಗುವ ಹೊತ್ತಿಗೆ ನಾನು ಹಾಸನದ ಬಸ್ಸಿನಲ್ಲಿರುತ್ತೇನೆ, ಕವನಾಳ ಮನೆಗೆ. ಹುಡುಕಬೇಡ, ಅಪ್ಪನನ್ನೂ ಓಡಿಸಬೇಡ.

ಸಿಟ್ಟಿನಿಂದ ಹೋಗುತ್ತಿಲ್ಲ. ಅದು ಸುಳ್ಳು, ಸಿಟ್ಟೂ ಇದೆ. ಆದರೆ ಅದಕ್ಕಿಂತ ಹೆಚ್ಚು ಹೆದರಿಕೆ ಇದೆ.

ಕುತ್ತಿಗೆಯ ಗಡ್ಡೆ ಕರಗಿತು, ಕ್ಯಾನ್ಸರ್ ಇನ್ನಿಲ್ಲ ಎಂದು ಡಾಕ್ಟರಮ್ಮ ಹೇಳಿದ ದಿನ ನೀನು ಆಸ್ಪತ್ರೆಯ ನೆಲದ ಮೇಲೇ ಕೂತು ಬಿಕ್ಕಿದೆ. ಮನೆಗೆ ಬಂದವಳೇ ನನ್ನನ್ನು ಈ ಕೋಣೆಗೆ ಸೇರಿಸಿದೆ. 'ಇದು ನಿಂಗೆ ಎಲ್ಡ್ನೇ ಉಟ್ಟು ಕಣವ್ವ, ಅಸಿ ಮೈ, ಗಾಳಿ ಸೋಕ್ಬಾರ್ದು' ಅಂದೆ. ಹಡೆಯದವಳಿಗೆ ಬಾಣಂತನ ಶುರುವಾಯಿತು. ಕಿವಿಗೆ ಹತ್ತಿ, ತಲೆಗೆ ಬಟ್ಟೆ, ಮಂಚದ ಕೆಳಗೆ ಕೆಂಡ. ಸೊಪ್ಪು ತಂಪು, ಹಣ್ಣು ಶೀತ, ಬದನೆ ನಂಜು, ಅವರೆಕಾಳು ವಾಯು. ಈ ಚಳಿಯಲ್ಲಿ ಊರಿಗೆ ಊರೇ ಸೊಗಡವರೆ ಸಾರು ಉಣ್ಣುತ್ತಿದೆ, ಘಮ ಕಿಟಕಿಯಿಂದ ಒಳಗೆ ಬರುತ್ತದೆ. ನನಗೆ ಮಾತ್ರ ಮೂರು ಹೊತ್ತೂ ತುಪ್ಪ ಸುರಿದ ಬಿಳಿ ಅನ್ನ, ಮೆಣಸಿನ ಸಾರು. ನಡುವೆ ನೋಡಲು ಬಂದವರು ತಂದ ಬ್ರೆಡ್ಡು, ಬಿಸ್ಕತ್ತು. ಬಾಣಂತಿಗಾದರೂ ಕೆಲವು ತಿಂಗಳಿಗೆ ಬಿಡುಗಡೆ ಸಿಗುತ್ತದೆ. ನನ್ನದು ವರ್ಷ ದಾಟಿತು.

ದೀಪಾವಳಿ ಕಳೆದ ಮೇಲಿನ ಚೆಕಪ್ಪಿನಲ್ಲಿ ಡಾಕ್ಟರಮ್ಮ ಹೇಳಿದ್ದನ್ನು ನೀನೂ ಕೇಳಿಸಿಕೊಂಡೆ. ಕಾಯಿಲೆ ವಾಪಸ್ಸು ಬಂದಿಲ್ಲ. ಆದರೆ ಆ ಔಷಧಿಗಳು ಹೃದಯವನ್ನು ಸುಸ್ತು ಮಾಡಿವೆ, ಅದರ ಮೇಲೆ ಈ ತೂಕ, ಸಕ್ಕರೆಯೂ ಏರುತ್ತಿದೆ, ಹೀಗೇ ಮಲಗಿಸಿಟ್ಟರೆ ಇಪ್ಪತ್ತಮೂರಕ್ಕೇ ಹೃದ್ರೋಗಿ ಆಗುತ್ತಾಳೆ ಅಂದರು. ಮುದ್ದೆ, ಸೊಪ್ಪಿನ ಸಾರು, ಮೊಳಕೆ ಕಾಳು ಕೊಡಿ, ದಿನಾ ನಡೆಸಿ, ಮೊದಲು ಸ್ವಲ್ಪ, ಆಮೇಲೆ ಹೆಚ್ಚು ಅಂದರು. ನೀನು ತಲೆಯಾಡಿಸಿದೆ. ಆಟೋ ಹತ್ತಿದ ಮೇಲೆ, 'ಆವಮ್ಮ ಎಷ್ಟ್ ಜನುಕ್ಕೆ ಬಾಣಂತನ ಮಾಡವ್ಳಂತೆ' ಅಂದೆ. ಅಪ್ಪನನ್ನು ಕೇಳಿದರೆ, 'ನಿಮ್ಮವ್ವ ಏಳ್ದಂಗೆ ಕೇಳು' ಅಂತ ಟವೆಲ್ಲು ಕೊಡವಿಕೊಂಡು ಹೊರಗೆ ಹೋದರು.

ಕವನಾ ನೆನಪಿದ್ದಾಳಲ್ಲ, ವಾರ್ಡಿನಲ್ಲಿ ನನ್ನ ಪಕ್ಕದ ಮಂಚದವಳು. ಅವಳಿಗೂ ಇದೇ ಕಾಯಿಲೆ, ಇದೇ ಔಷಧಿ, ನನಗಿಂತ ಸೊರಗಿದ್ದಳು. ಅವಳ ಅಪ್ಪ ಚೆನ್ನಯ್ಯನವರು ಒಂದು ಪ್ಲಾಸ್ಟಿಕ್ ಸ್ಟೂಲನ್ನು ಹೆಗಲಿಗೆ ಹಾಕಿಕೊಂಡು ಬೆಳಗ್ಗೆ ಅವಳ ಹಿಂದೆ ನಡೆಯುತ್ತಿದ್ದರಂತೆ. ಅವಳಿಗೆ ದಮ್ಮು ಬಂದಲ್ಲಿ ಸ್ಟೂಲು ಇಡುವುದು, ಕೂರಿಸುವುದು, 'ಸಾಕಾ, ಇನ್ನೊಂದೀಟು ಓಗಾಣಾ' ಅಂತ ಕೇಳುವುದು. ಬೀದಿಯವರೆಲ್ಲ ನಕ್ಕರಂತೆ. ಈಗ ಅವಳು ಸ್ಟೂಲಿಲ್ಲದೆ ಬೈಪಾಸಿನವರೆಗೆ ಹೋಗಿಬರುತ್ತಾಳೆ, ಅಪ್ಪನೇ ಹಿಂದೆ ಉಳಿಯುತ್ತಾರೆ. ಇದನ್ನು ಹೇಳಿದಾಗ ನೀನು ಕೇಳಿದ್ದು ಒಂದೇ ಮಾತು, 'ಅವ್ರ ಮನೇದು ಉಂಡ್ಯಾ?' ಹೌದವ್ವ, ಉಂಡಿದ್ದೇನೆ. ವಾರ್ಡಿನಲ್ಲಿ ನೀನು ಕಾಫಿ ತರಲು ಹೋದಾಗಲೆಲ್ಲ ಅವಳ ಅವ್ವ ಪಾರ್ವತಮ್ಮನವರ ಡಬ್ಬಿಯ ಮುದ್ದೆ ಉಂಡೆ. ವಾಂತಿಯಾಗದೆ ಹೊಟ್ಟೆಯಲ್ಲಿ ನಿಂತದ್ದು ಅದೊಂದೇ.

ಹೋದ ವಾರ ನಾನೂ ಹೊರಟೆ. ಕೆರೆ ಏರಿವರೆಗೆ ಹೋಗಿಬರುತ್ತೇನೆಂದು ಚಪ್ಪಲಿ ಮೆಟ್ಟಿದೆ. ನೀನು ಓಡಿಬಂದು ಕಾಲಿನಿಂದ ಚಪ್ಪಲಿ ಕಿತ್ತು ಅಟ್ಟದ ಮೇಲೆ ಎಸೆದೆ. 'ನೀನ್ ಸತ್ತೋದ್ರೆ ನಾನ್ ಯಾವ ಕೆರೆಗೆ ಬೀಳ್ಲಿ' ಅಂತ ಹೊಸ್ತಿಲಿಗೆ ಅಡ್ಡ ಕೂತೆ. ನಿನ್ನನ್ನು ದಾಟಿ ಹೋಗಲು ನನಗೆ ಮನಸ್ಸು ಬರಲಿಲ್ಲ. ಅವತ್ತಿನಿಂದ ನಾವಿಬ್ಬರೂ ಸರಿಯಾಗಿ ಮಾತಾಡಿಲ್ಲ.

ನಾನು ಬದುಕಬೇಕು ಅವ್ವ. ಸ್ನಾನ ಮಾಡಿ ಬಂದರೆ ಏದುಸಿರು, ಬಟ್ಟೆ ಒಗೆಯುವ ಕಲ್ಲಿನವರೆಗೆ ಹೋದರೆ ಎದೆ ಡವಡವ. ನಿನಗೆ ಹೇಳಿರಲಿಲ್ಲ, ಹೇಳಿದರೆ ಅದಕ್ಕೂ ಇನ್ನೊಂದು ಚಮಚ ತುಪ್ಪ ಹಾಕುತ್ತೀಯ. ಕೀಮೋ ಏರಿಸುವಾಗ ನನ್ನ ಅಂಗಾಲು ಉಜ್ಜುತ್ತಾ, 'ಈ ಕಾಲಲ್ಲಿ ನೀನು ಇಡೀ ತ್ವಾಟ ಸುತ್ಬೇಕು ಕಣವ್ವ' ಅಂದವಳು ನೀನೇ. ಅಷ್ಟು ಕಷ್ಟಪಟ್ಟು ಉಳಿಸಿಕೊಂಡದ್ದು ಈ ಮಂಚದ ಮೇಲೆ ಇಟ್ಟುಕೊಳ್ಳುವುದಕ್ಕಾ? ನಿನ್ನ ಮೇಲೆ ನನಗೆ ಪ್ರಾಣ. ಆದರೂ ಈ ಕೋಣೆಯಲ್ಲಿ ಉಸಿರು ಕಟ್ಟುತ್ತಿದೆ, ಇನ್ನು ನನ್ನಿಂದ ಆಗುವುದಿಲ್ಲ.

ಕವನಾ ಬಾ ಅಂದಿದ್ದಾಳೆ. ಒಂದಿಷ್ಟು ನಡೆಯುವಂತಾದ ಮೇಲೆ ವಾಪಸ್ಸು ಬರುತ್ತೇನೆ. ನಿನ್ನ ಚಪ್ಪಲಿ ಮೆಟ್ಟಿಕೊಂಡು ಹೋಗುತ್ತಿದ್ದೇನೆ, ಬೈಯಬೇಡ. ನಿನ್ನ ಬಿ.ಪಿ. ಮಾತ್ರೆ ಮರೆಯಬೇಡ.

ನಿನ್ನ ಮಗಳು,
ಧನ್ಯಾ

ತಾ.ಕ.: ಶನಿವಾರ ಬೆಳಗ್ಗೆ. ನಾನು ಬಸ್ಸಿನಲ್ಲಿಲ್ಲ ಅವ್ವ. ಡೈರಿಯನ್ನೂ ಮುಟ್ಟಲಿಲ್ಲ. ಕೆರೆ ಏರಿಯ ಹುಣಸೆಮರದ ಬುಡದಲ್ಲಿ ಕೂತಿದ್ದೇನೆ. ಇಲ್ಲಿಗೇ ದಮ್ಮು ಬಂತು, ಬಸ್ಸು ನನ್ನ ಕಣ್ಣೆದುರೇ ಹೋಯಿತು. ಬಹಳ ಅತ್ತೆ. ಪಾಪಯ್ಯಣ್ಣ ನೋಡಿ, 'ಗಾಡಿ ಮ್ಯಾಲೆ ಕೂತ್ಕವ್ವ, ಮನೆಗೆ ಬುಡ್ತೀನಿ' ಅಂದರು. ಒಲ್ಲೆ ಅಂದೆ. ಕಾಗದ ಮಾತ್ರ ಅವರ ಕೈಯಲ್ಲಿ ಕಳಿಸುತ್ತಿದ್ದೇನೆ. ಒಬ್ಬಳಿಂದಲೇ ಇದು ಆಗುವುದಿಲ್ಲ. ನಿನ್ನ ಚಪ್ಪಲಿ ನನಗೆ ಸಣ್ಣದು, ಕಚ್ಚುತ್ತಿದೆ. ನನ್ನದು ತಗೊಂಡು ಬಾ. ಅಟ್ಟದಿಂದ ಇಳಿಸಲು ನಿನಗೆ ಸ್ಟೂಲು ಬೇಕೇ ಬೇಕಲ್ಲ, ಆ ಸ್ಟೂಲನ್ನೂ ಜೊತೆಗೆ ತಗೊಂಡು ಬಾ.