ಕೆಂಪು ಗುಶೆಶೆ ಕೊಳ್ಳಲು ಹೋದದ್ದು

ಕತ್ಲೆಹಾಂಗ್
ಜನವರಿ ೧೯, ಭಾನುವಾರ ಮಧ್ಯಾಹ್ನ

ಪ್ರೀತಿಯ ನೋಲ್ವಾಜಿಯ ಅಪ್ಪನಿಗೆ,

ಹೇಗಿದ್ದೀಯ ಸೆಂಝೋ? ಕೆಮ್ಮು ಇಳಿಯಿತೇ? ಹೋದ ಸಲ ಗಾಜಿನ ಆಚೆ ಕೂತು ನೀನು ಎದೆ ಹಿಡಿದುಕೊಂಡು ಕೆಮ್ಮಿದ್ದು ಇನ್ನೂ ಕಣ್ಣ ಮುಂದಿದೆ. ಜೈಲಿನ ಡಾಕ್ಟರು ಕೊಟ್ಟ ಮಾತ್ರೆ ನುಂಗು. ಅದನ್ನು ಪಕ್ಕದವನಿಗೆ ಕೊಟ್ಟು ಸಿಗರೇಟು ತೆಗೆದುಕೊಳ್ಳಬೇಡ. ನಿನ್ನ ಬುದ್ಧಿ ನನಗೆ ಗೊತ್ತಿಲ್ಲವೇ? ಇಲ್ಲಿ ನಾವು ಇದ್ದೇವೆ. ಅತ್ತೆಯ ಕಾಲಿನ ಊತ ಕಡಿಮೆಯಾಗಿದೆ, ಬಾಯಿ ಮಾತ್ರ ಕಡಿಮೆಯಾಗಿಲ್ಲ. ನೋಲ್ವಾಜಿ ಈ ವಾರ ಶಾಲೆಗೆ ಸೇರಿದಳು. "ಬೆಳೆಯೋ ಮಗು" ಎಂದು ಅತ್ತೆ ತಂದ ಸಮವಸ್ತ್ರದೊಳಗೆ ಅವಳಂಥವರು ಇಬ್ಬರು ಹಿಡಿಸುತ್ತಾರೆ. ಅಪ್ಪ ಏನು ಕೆಲಸ ಮಾಡುತ್ತಾರೆ ಎಂದು ಟೀಚರು ಕೇಳಿದ್ದಕ್ಕೆ "ನಮ್ಮಪ್ಪ ಕಾರು ಕುಣಿಸ್ತಾರೆ" ಎಂದಳಂತೆ. ಟೀಚರು ಅದನ್ನು ನನಗೆ ಹೇಳುವಾಗ ನಕ್ಕರು. ನಾನೂ ನಕ್ಕೆ. ಮನೆಗೆ ಬರುವ ದಾರಿಯಲ್ಲಿ ನಗು ನಿಂತಿತು.

ಇನ್ನು ಕಾರಿನ ವಿಷಯ. ನಿನ್ನ ಹಿಂದಿನ ಕಾಗದಗಳಲ್ಲೆಲ್ಲ ಅದೊಂದೇ ಇತ್ತು. ವಕೀಲರ ಫೀಸಿಗೆಂದು ನಾವು ಲೆಬೋಗೆ ಮಾರಿದ ನಿನ್ನ ಕೆಂಪು ಗುಶೆಶೆ ಕಾರನ್ನು ಅವನು ಈಗ ಮಾರುತ್ತಿದ್ದಾನೆ, ಡರ್ಬನ್‌ನಲ್ಲಿ ಕೆಲಸ ಸಿಕ್ಕಿದ್ದರಿಂದ ಸಿಕ್ಕಿದ ಬೆಲೆಗೆ ಕೊಟ್ಟು ಹೋಗುತ್ತಾನೆ, "ಇಷ್ಟು ಅಗ್ಗಕ್ಕೆ ಇನ್ನು ಈ ಜನ್ಮದಲ್ಲಿ ಸಿಗಲ್ಲ ಫುತಿ, ಬೇರೆಯವರ ಕೈ ಸೇರೋಕೆ ಮುಂಚೆ ಹಿಡಿದಿಡು" ಎಂದು ಬರೆದಿದ್ದೆ. ಬಿಡುಗಡೆಯಾದ ಮೇಲೆ ಬೀದಿಯಲ್ಲಿ ಕಾರು ಗಿರಕಿ ಹೊಡೆಸುವುದಿಲ್ಲ, ಟಿಕೆಟ್ಟಿಟ್ಟು ಆಟ ನಡೆಸುವ ಮೈದಾನದಲ್ಲೇ ಹೊಡೆಸುತ್ತೇನೆ, ಅದರಿಂದಲೇ ಸಂಸಾರ ನಡೆಸುತ್ತೇನೆ ಎಂದೂ ಬರೆದಿದ್ದೆ. ಅತ್ತೆ ನಿನ್ನ ಪಕ್ಷ. "ಗಂಡಸು ವಾಪಸ್ ಬಂದಾಗ ಕೈಗೆ ಏನಾದ್ರೂ ಇರ್ಬೇಕು ಕಣೇ, ಖಾಲಿ ಕೈ ಗಂಡಸು ಕುಡಿಯೋಕೆ ಹೋಗ್ತಾನೆ" ಎಂದು ದಿನಾ ಒಲೆಯ ಮುಂದೆ ಅದೇ ಮಂತ್ರ. ಡಿಸೆಂಬರಿನಲ್ಲಿ ನಮ್ಮ ಹೆಂಗಸರ ಚೀಟಿಯ ದುಡ್ಡು ಬಂದಿದ್ದು ಅವರಿಗೆ ಗೊತ್ತು. ನನಗೆ ಮಾತ್ರ ಮನಸ್ಸು ಎರಡಾಗಿತ್ತು. ನನಗಿಂತ ಹಳೆಯ ಕಾರು ಅದು. ಎಣ್ಣೆ ಕುಡಿಯುತ್ತದೆ, ತುಕ್ಕು ಹಿಡಿದಿದೆ, ಬಿಡಿಭಾಗಕ್ಕೆ ಅಲೆಯಬೇಕು. ಆದರೂ ನಿನ್ನನ್ನು ನೆನೆದಾಗ ನೀನು ಆ ಕಾರಿನೊಳಗೇ ಇರುತ್ತೀಯ. ಬೇರೆ ಎಲ್ಲಿ ಕೂರಿಸಿ ನೋಡಿದರೂ ನೀನು ಯಾರೋ ಬೇರೆಯವನಂತೆ ಕಾಣುತ್ತೀಯ. ಅದೇ ನನಗೆ ಹೆದರಿಕೆ.

ಕೊನೆಗೆ ನಿನ್ನೆ ಭೇಕಾನಿ ಮಾವನನ್ನು ಕರೆದುಕೊಂಡು ಲೆಬೋನ ಮನೆಗೆ ಹೋದೆ. ನಿನ್ನ ಸೋದರಮಾವ ಗೊತ್ತಲ್ಲ, ಕಾರು ನೋಡಲು ಹೋಗುವುದೆಂದರೆ ಹೆಣ್ಣು ನೋಡಲು ಹೋದಂತೆ ಕೋಟು ಹಾಕಿಕೊಂಡು, ಸಾಮಾನಿನ ಪೆಟ್ಟಿಗೆ ಹಿಡಿದು ಹೊರಟರು. ಕಾರು ಅಂಗಳದಲ್ಲಿ ಬಿಸಿಲಿಗೆ ನಿಂತಿತ್ತು. ನಿನ್ನ ಕೆಂಪು ಈಗ ಇಟ್ಟಿಗೆಯ ಬಣ್ಣಕ್ಕೆ ತಿರುಗಿದೆ. ಚೌಕ ಮೂತಿಯ ಒಂದು ದೀಪ ಒಡೆದಿದೆ. ಚಾಲಕನ ಸೀಟು ಹರಿದು ಸ್ಪಂಜು ಹೊರಗೆ ಬಂದಿದೆ. ಮಾವ ಅಡಿಗೆ ತೂರಿಕೊಂಡು "ಅಯ್ಯೋ ಅಯ್ಯೋ" ಎನ್ನುತ್ತಾ, ಹೊರಗೆ ಬಂದು "ಪರವಾಗಿಲ್ಲ, ಪರವಾಗಿಲ್ಲ" ಎನ್ನುತ್ತಾ ಇದ್ದರು. ಆಮೇಲೆ ಲೆಬೋ ಬೀಗದಕೈ ತಿರುಗಿಸಿದ. ಆ ಸದ್ದು, ಸೆಂಝೋ! ಮದುವೆಗೆ ಮೊದಲು ನೀನು ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು ಗಿರಕಿ ಹೊಡೆಸಿದ್ದು, ಟೈರಿನ ಹೊಗೆಯಲ್ಲಿ ಏನೂ ಕಾಣದೆ ನಿನ್ನ ನಗು ಮಾತ್ರ ಕೇಳಿಸಿದ್ದು ಎಲ್ಲ ಒಟ್ಟಿಗೇ ಬಂತು. ಸುಳ್ಳು ಹೇಳುವುದಿಲ್ಲ, ಕೊಳ್ಳುವುದೇ ಎಂದು ಆ ಕ್ಷಣ ಗಟ್ಟಿ ಮಾಡಿದೆ. ದುಡ್ಡಿಗೆಂದು ಕೈ ಚೀಲದೊಳಗೆ ಹೋಗಿತ್ತು.

ಆಗ ಗೇಟು ಸದ್ದಾಯಿತು. ಬಂದವರು ಪುಲೆಂಗ್‌ಳ ಅಪ್ಪ, ಮೊತಾಂಗ್ ಅವರು.

ಪುಲೆಂಗ್ ಯಾರೆಂದು ನಿನಗೆ ಹೇಳಬೇಕಾಗಿಲ್ಲ. ಆದರೂ ಬರೆಯುತ್ತೇನೆ, ಏಕೆಂದರೆ ನೀನು ಬರೆಯುವುದಿಲ್ಲ. ಥೆಂಬಾನನ್ನು ಮಣ್ಣು ಮಾಡಿ ಬಂದ ದಿನ ಗೆಳೆಯನಿಗೆ ವಿದಾಯವೆಂದು ನೀನು ಬೀದಿಯ ತಿರುವಿನಲ್ಲಿ ಕಾರು ಗಿರಕಿ ಹೊಡೆಸಿದೆ. ಟೈರು ಸಿಡಿದು ಕಾರು ಜಾರಿ ಗೋಡೆಯ ಕಡೆ ಹೋಯಿತು. ಗೋಡೆಗೆ ಒರಗಿ ನೋಡುತ್ತಿದ್ದ ಆ ಹುಡುಗಿಯ ಕಾಲು ಹೋಯಿತು. ಕಾರಿನ ಹೆಸರು ಎಷ್ಟೋ ಸಲ ಬರೆದಿದ್ದೀಯ ಸೆಂಝೋ, ಅವಳ ಹೆಸರು ಒಮ್ಮೆಯೂ ಬರೆದಿಲ್ಲ.

ಮೊತಾಂಗ್ ಅವರು ಇಸ್ತ್ರಿ ಮಾಡಿದ ಅಂಗಿ ಹಾಕಿ, ಟೋಪಿ ಕೈಯಲ್ಲಿ ಹಿಡಿದಿದ್ದರು. ನನ್ನನ್ನು ನೋಡಿ ತಾವೇ ಮೊದಲು ಮಾತಾಡಿಸಿದರು. "ಸೆಂಝೋನ ಹೆಂಡ್ತಿ ಅಲ್ವೇನಮ್ಮ? ಮಗು ಚೆನ್ನಾಗಿದೆಯಾ?" ಲೆಬೋ ನೆಲ ನೋಡುತ್ತಾ, "ಇವರೂ ಫೋನ್ ಮಾಡಿದ್ರು ಅಕ್ಕಾ. ಯಾರು ಜಾಸ್ತಿ ಕೊಡ್ತೀರೋ ಅವರದ್ದು" ಎಂದ. ಭೇಕಾನಿ ಮಾವನಿಗೆ ತಡೆಯಲಿಲ್ಲ. "ನಿಮಗೆ ಕಾರು ಓಡ್ಸೋಕೇ ಬರಲ್ಲ, ಇದನ್ನ ತಗೊಂಡು ಏನು ಕೋಳಿ ಸಾಕ್ತೀರಾ?" ಎಂದುಬಿಟ್ಟರು. ಮೊತಾಂಗ್ ಅವರಿಗೆ ಸಿಟ್ಟು ಬರಲಿಲ್ಲ. "ಓಡ್ಸೋಕಲ್ಲ ಅಣ್ಣ. ಗುಜರಿಗೆ ಹಾಕ್ಸೋಕೆ. ಶನಿವಾರ ಶನಿವಾರ ಲೆಬೋ ಇದನ್ನ ನಮ್ಮ ಬೀದಿ ತುದಿಗೆ ತಂದ್ರೆ ಸಾಕು, ನನ್ನ ಮಗಳು ಉಣ್ಣೋ ತಟ್ಟೆ ಬಿಟ್ಟು ಎದ್ದು ಒಳಗೆ ಹೋಗಿ ಬಾಗಿಲು ಹಾಕ್ಕೋತಾಳೆ. ನೂರು ಕಾರು ಓಡಾಡ್ತವೆ, ಅವಕ್ಕೇನೂ ಇಲ್ಲ. ಇದರ ದನಿ ಮಾತ್ರ ಅವಳಿಗೆ ಗೊತ್ತು" ಎಂದರು. ಇಬ್ಬರೂ ಬೆಲೆ ಹೇಳಿದಾಗ ಅವರು ತಂದಿದ್ದ ದುಡ್ಡು ನನ್ನದಕ್ಕಿಂತ ಕಡಿಮೆ ಎಂದು ತಿಳಿಯಿತು. ಅದು ಅವರಿಗೂ ಗೊತ್ತಾಗಿತ್ತು. ಆಗಲೇ ಟೋಪಿ ತಲೆಗಿಡುತ್ತಿದ್ದರು. ಅದೇ ಸದ್ದಿಗೆ ಈಗಷ್ಟೇ ನನ್ನ ಮೈ ನವಿರೆದ್ದಿತ್ತಲ್ಲ, ನನಗೆ ನಿಂತಲ್ಲೇ ನಾಚಿಕೆಯಾಯಿತು. "ಅವರಿಗೇ ಕೊಡು ಲೆಬೋ, ನಂಗೆ ಬೇಡ" ಎಂದೆ. ಭೇಕಾನಿ ಮಾವ ಪೆಟ್ಟಿಗೆಯ ಮುಚ್ಚಳ ಫಟಾರನೆ ಹಾಕಿ, "ಗಂಡನ್ನೇ ಮಾರಿಬಿಟ್ಟೆಯಲ್ಲೇ!" ಎಂದು ಕೂಗಿ ಹೊರಟೇ ಹೋದರು.

ಆಮೇಲಿನದು ಕೇಳು. ಗುಜರಿಯವರೆಗೆ ಓಡಿಸಲು ಲೆಬೋ ಒಪ್ಪಲಿಲ್ಲ. "ಮಾರ್ತೀನಿ, ಆದ್ರೆ ನನ್ನ ಕೈಯಾರೆ ಕೊಲ್ಲೋಕಾಗಲ್ಲ" ಎಂದು ಒಳಗೆ ಹೋಗಿ ಕೂತ. ಮೊತಾಂಗ್ ಅವರು ಬೀಗದಕೈಯನ್ನು ಹಸಿ ಮೀನು ಹಿಡಿದಂತೆ ಹಿಡಿದು ನಿಂತರು. ದಿನಾ ಬ್ರೆಡ್ಡಿನ ವ್ಯಾನು ಓಡಿಸುವವಳು ನಾನು, ಸುಮ್ಮನೆ ಹೇಗೆ ನಿಲ್ಲಲಿ? ನಾನೇ ಕೂತೆ. ಹೌದು, ನಿನ್ನ ಸೀಟಿನಲ್ಲೇ. ನೀನು ಒಂದು ದಿನವೂ ನನ್ನ ಕೈಗೆ ಕೊಡದ ಸ್ಟಿಯರಿಂಗ್ ಅದು. ಅವರು ಪಕ್ಕದಲ್ಲಿ ಕೂತು ಬಾಗಿಲಿನ ಹಿಡಿ ಬಿಗಿಯಾಗಿ ಹಿಡಿದು, ತಿರುವು ಬಂದಾಗಲೆಲ್ಲ "ನಿಧಾನ ತಾಯಿ, ನಿಧಾನ" ಎನ್ನುತ್ತಿದ್ದರು. ನಮ್ಮ ಬೀದಿ ಹತ್ತಿರವಾಗುವಾಗ, "ಸುತ್ತು ಹಾಕ್ಕೊಂಡು ಹೋಗೋಣಮ್ಮ, ನನ್ನ ಮಗಳು ಮನೇಲಿದಾಳೆ" ಎಂದರು. ಹಾಗಾಗಿ ರೈಲು ಹಳಿಯ ಆಚೆಯಿಂದ, ಕಾರ್ಖಾನೆಗಳ ಹಿಂದಿನಿಂದ ಸುತ್ತಿಕೊಂಡು ಹೋದೆವು. ಕಾರು ಒಳ್ಳೆಯ ಹಸುವಿನಂತೆ ನಡೆಯಿತು, ಎಲ್ಲೂ ಮೊಂಡು ಹಿಡಿಯಲಿಲ್ಲ. ಎಲ್ಲಾದರೂ ಕೆಟ್ಟು ನಿಂತರೆ ಸಾಕಪ್ಪ ಎಂದು ನಾನು ದಾರಿಯುದ್ದಕ್ಕೂ ಬೇಡಿಕೊಂಡೆ.

ಗುಜರಿಯಲ್ಲಿ ಯಂತ್ರ ಅದನ್ನು ಎತ್ತಿತು, ಒತ್ತಿತು. ಎಷ್ಟು ಬೇಗ ಮುಗಿಯಿತೆಂದರೆ ನಂಬಲಾಗಲಿಲ್ಲ. ಮೊತಾಂಗ್ ಅವರು ಟೋಪಿ ತೆಗೆದು ನೋಡುತ್ತಾ ನಿಂತಿದ್ದರು. ಮುಗಿದ ಮೇಲೂ ಕದಲಲಿಲ್ಲ. "ಸಮಾಧಾನ ಆಗುತ್ತೆ ಅಂದ್ಕೊಂಡಿದ್ದೆ" ಎಂದರು. ಟ್ಯಾಕ್ಸಿ ಕಾಯುವ ಜಾಗದಲ್ಲಿ ಬಿಸಿ ಬೋಂಡದಂಥ ಮಗ್ವಿನ್ಯ ಕೊಂಡು ಒಂದನ್ನು ನನ್ನ ಕೈಗಿಟ್ಟು, "ತಿನ್ನಮ್ಮ, ಬೆಳಗ್ಗಿಂದ ಏನೂ ತಿಂದಿಲ್ಲ ನೀನು" ಎಂದರು.

ಮನೆಗೆ ಬರುವಷ್ಟರಲ್ಲಿ ಭೇಕಾನಿ ಮಾವ ಇಡೀ ಬೀದಿಗೆ ಸುದ್ದಿ ಹಂಚಿದ್ದರು. ಅತ್ತೆ ಮಾತು ಬಿಟ್ಟಿದ್ದಾರೆ. ತಟ್ಟೆ ತಂದು ಕುಕ್ಕುತ್ತಾರೆ, ಆದರೆ ಮಾಂಸದ ತುಂಡು ಹಾಕುವುದನ್ನು ಮರೆತಿಲ್ಲ. ನಿನಗೂ ಸಿಟ್ಟು ಬರುತ್ತದೆ. ಬರಲಿ. ಬೈದೇ ಬರೆ, ಆದರೆ ಬರೆಯದೆ ಇರಬೇಡ. ನಾನು ಮಾಡಿದ್ದು ಸರಿಯೇ ಎಂದು ನನಗೂ ಖಚಿತವಿಲ್ಲ. ಒಬ್ಬರ ನೋವು ಕಡಿಮೆ ಮಾಡಲು ಹೋಗಿ ಯಾರ ನೋವೂ ಕಡಿಮೆಯಾಗದೆ ನಿನ್ನ ಆಸೆಯೊಂದು ಹೋಯಿತೇನೋ ಎಂದು ಒಂದು ಸಲ, ಹೋದದ್ದೇ ಒಳ್ಳೆಯದಾಯಿತು ಎಂದು ಇನ್ನೊಂದು ಸಲ ಅನ್ನಿಸುತ್ತದೆ. ಚೀಟಿಯ ದುಡ್ಡು ಹಾಗೇ ಇದೆ. ನೀನು ಬಂದ ಮೇಲೆ ಏನು ಮಾಡುವುದೆಂದು ಇಬ್ಬರೂ ಕೂತು ಯೋಚಿಸೋಣ.

ನೋಲ್ವಾಜಿ ನಿನಗೆ ಮುತ್ತು ಕಳಿಸಿದ್ದಾಳೆ. ಅತ್ತೆ ಬಾಯಿ ಬಿಟ್ಟು ಹೇಳದಿದ್ದರೂ ಅವರ ಆಶೀರ್ವಾದ ಇದ್ದೇ ಇದೆ. ನಮ್ಮ ಹಿರಿಯರು ನಿನ್ನ ತಲೆ ಕಾಯಲಿ.

ಇಂತು ನಿನ್ನವಳೇ ಆದ,
ಫುತಿ

ಮರೆಯುವ ಮುನ್ನ: ಲಕೋಟೆ ಅಂಟಿಸುವಷ್ಟರಲ್ಲಿ ಪುಲೆಂಗ್ ಬಂದಿದ್ದಳು, ಊರುಗೋಲು ಹಿಡಿದು, ಒಬ್ಬಳೇ. ಅಪ್ಪ ಎಲ್ಲ ಹೇಳಿದರಂತೆ. ಒಳಗೆ ಬಾ ಎಂದರೆ ಬರಲಿಲ್ಲ, ಗೇಟಿನಲ್ಲೇ ನಿಂತು ಕೇಳಿದಳು: "ಅಕ್ಕಾ, ಮುಂದಿನ ಸಲ ಅಣ್ಣನ್ನ ನೋಡೋಕೆ ಹೋಗುವಾಗ ನನ್ನೂ ಕರ್ಕೊಂಡು ಹೋಗ್ತೀರಾ? ಜಗಳಕ್ಕಲ್ಲ. ಆವತ್ತು ಅವರು ಓಡಿ ಬಂದು ನನ್ನ ತಲೆ ತೊಡೆ ಮೇಲೆ ಇಟ್ಕೊಂಡು ಏನೋ ಹೇಳ್ತಾನೇ ಇದ್ರು. ನಂಗೆ ಕಿವಿ ಗುಂಯ್ ಅಂತಿತ್ತು, ಏನೂ ಕೇಳಿಸ್ಲಿಲ್ಲ. ಏನು ಹೇಳ್ತಿದ್ರು ಅಂತ ಕೇಳ್ಬೇಕು." ಕರೆದುಕೊಂಡು ಬರುತ್ತೇನೆ ಎಂದು ಮಾತು ಕೊಟ್ಟಿದ್ದೇನೆ, ನಿನ್ನನ್ನು ಕೇಳದೆಯೇ. ಫೆಬ್ರವರಿಯ ಮೊದಲ ಭಾನುವಾರ ಇಬ್ಬರೂ ಬರುತ್ತೇವೆ. ಗಾಜಿನ ಹತ್ತಿರ ಬರುವುದಿಲ್ಲ ಎನ್ನಬೇಡ ಸೆಂಝೋ. ಏನು ಹೇಳುತ್ತಿದ್ದೆ ಎಂದು ನೆನಪು ಮಾಡಿಕೊಂಡಿರು.